ಓದುವುದು ನಮ್ಮ ನೋಡ್‌ನಿಂದ, ಕಳಿಸುವುದು ಟವೆಲ್ ಕೆಳಗಿಂದ: ಆರು ತಿಂಗಳ ಡೆಕ್ಸ್ ರಿಪೇರಿ

ಜನವರಿಯಲ್ಲಿ ಹಿಡಿದ ಕೆಲಸ ಜುಲೈಗೆ ಒಂದು ಹದಕ್ಕೆ ಬಂತು. ಹುಬ್ಬಳ್ಳಿ ವಿದ್ಯಾನಗರದ ನಮ್ಮ ಮನೆಯ ಮಹಡಿ ಕೋಣೆಯಲ್ಲಿ ಅಂಗೈಯಗಲದ ಒಂದು ಕಂಪ್ಯೂಟರ್ ಹಗಲು ರಾತ್ರಿ ಓಡುತ್ತಿದೆ. ಅದೇ ನಮ್ಮ ನೋಡ್, ಅಂದರೆ ಇಥೀರಿಯಂ ಎಂಬ ಕ್ರಿಪ್ಟೊ ಜಾಲದ ಲೆಕ್ಕದ ಪ್ರತಿ ಇಟ್ಟುಕೊಳ್ಳುವ ಯಂತ್ರ. ಅದನ್ನು ಕಟ್ಟಿದ್ದು ಯಾಕೆ, ಎಲ್ಲಿ ಎಡವಿದೆ, ಎಷ್ಟು ದುಡ್ಡು ಹೋಯಿತು, ಎಲ್ಲ ಬರೆದಿಡುತ್ತೇನೆ. ಇದೇ ದಾರಿಗೆ ಇಳಿಯುವವರಿಗೆ ನನ್ನ ತಪ್ಪುಗಳಾದರೂ ಉಳಿಯಲಿ.

ಡೆಕ್ಸ್ ಅಂದರೆ ನಡುವೆ ಕಂಪನಿ ಇಲ್ಲದ ಕ್ರಿಪ್ಟೊ ವಿನಿಮಯ ಕಟ್ಟೆ. ಹಣ ನಮ್ಮ ವಾಲೆಟ್‌ನಲ್ಲೇ ಇರುತ್ತದೆ. ಅದಲುಬದಲು ಮಾಡುವುದು ಚೈನ್ (ಎಲ್ಲ ವ್ಯವಹಾರ ಬ್ಲಾಕ್ ಎಂಬ ಪುಟಗಳಲ್ಲಿ ಸೇರುವ ಬಹಿರಂಗ ಲೆಕ್ಕದ ಸರಪಳಿ) ಮೇಲೆ ಕೂತ ಕಾಂಟ್ರಾಕ್ಟ್, ಅಂದರೆ ತಾನೇ ನಡೆಯುವ ಪ್ರೋಗ್ರಾಂ. ನಾನು ಇಲ್ಲಿ ಹಾಕುವುದು ಹೋದರೆ ತಡೆದುಕೊಳ್ಳಬಲ್ಲ ಉಳಿತಾಯ ಮಾತ್ರ. ನನಗೆ ಬೇಕಿದ್ದದ್ದು ಮೂರು: ಬೇಗ ಆಗಬೇಕು, ಖರ್ಚು ಕಡಿಮೆ ಆಗಬೇಕು, ಕಳ್ಳರ ಕೈಗೆ ಸಿಗಬಾರದು.

2025 ಜನವರಿ ಮೊದಲ ವಾರ: ಮೊದಲು ಅಳತೆ

ಇಥೀರಿಯಂ ಮುಖ್ಯ ಚೈನ್ ಮೇಲೆ 12,000 ರೂಪಾಯಿಯ ಒಂದು ಅದಲುಬದಲು ಮಾಡಿದೆ. ಗ್ಯಾಸ್ ಅಂದರೆ ಚೈನ್ ಮೇಲೆ ಮಾಡಿಸುವ ಕೆಲಸದ ಅಳತೆ, ಅದಕ್ಕೆ ಶುಲ್ಕ ಕಟ್ಟಬೇಕು. ಒಂದು ಗ್ಯಾಸ್ ದರ 15 ಗ್ವೇ ಇತ್ತು, ಗ್ವೇ ಅಂದರೆ ಈಥರ್ ಎಂಬ ಇಥೀರಿಯಂ ನಾಣ್ಯದ ನೂರು ಕೋಟಿಯಲ್ಲಿ ಒಂದು ಪಾಲು. ಈಥರ್ ಒಂದಕ್ಕೆ ಸುಮಾರು 3 ಲಕ್ಷ ರೂಪಾಯಿ. ಎಲ್ಲಕ್ಕಿಂತ ಮೊದಲು ಟೋಕನ್ (ಕ್ರಿಪ್ಟೊ ನಾಣ್ಯ) ಬಳಸಲು ಕಾಂಟ್ರಾಕ್ಟ್‌ಗೆ ಅನುಮತಿ ಕೊಡಬೇಕು, ಅದಕ್ಕೆ ಅಪ್ರೂವಲ್ ಅನ್ನುತ್ತಾರೆ. ಅದು ತಿಂದದ್ದು ಸುಮಾರು 46,000 ಗ್ಯಾಸ್, ಅಂದರೆ 207 ರೂಪಾಯಿ. ಆಮೇಲೆ ಅಸಲಿ ಅದಲುಬದಲು 1,50,000 ಗ್ಯಾಸ್, 675 ರೂಪಾಯಿ. ಒಟ್ಟು 882. ನೂರಕ್ಕೆ ಏಳು ರೂಪಾಯಿಗಿಂತ ಜಾಸ್ತಿ ದಾರಿಯಲ್ಲೇ ಹೋಯಿತು. ಪೂಲ್‌ಗೆ, ಅಂದರೆ ಅದಲುಬದಲಿಗಾಗಿ ಟೋಕನ್ ಕೂಡಿಟ್ಟ ಕೊಳಕ್ಕೆ, ಹಣ ಹಾಕಿದವರ ಶೇ 0.3 ಶುಲ್ಕ ಬೇರೆ.

ನಮ್ಮ ದೇಶದಲ್ಲಿ ಇದು ಇನ್ನೂ ಭಾರ. 2022ರ ಏಪ್ರಿಲ್ 1ರಿಂದ ಕ್ರಿಪ್ಟೊ ಲಾಭದ ಮೇಲೆ ಶೇ 30 ತೆರಿಗೆ. ಕೊಂಡ ಬೆಲೆ ಬಿಟ್ಟು ಬೇರೆ ಯಾವ ಖರ್ಚನ್ನೂ ಕಳೆಯುವಂತಿಲ್ಲ. ಒಂದು ಕಾಯಿನ್‌ನ ನಷ್ಟವನ್ನು ಇನ್ನೊಂದರ ಲಾಭಕ್ಕೆ ಹೊಂದಿಸುವಂತಿಲ್ಲ. ಒಂದು ಟೋಕನ್ ಕೊಟ್ಟು ಇನ್ನೊಂದು ತಗೊಂಡರೂ ಅದು ಲೆಕ್ಕಕ್ಕೆ ಬರುವ ವರ್ಗಾವಣೆಯೇ. ಹಾಗಾಗಿ ಅಂದಿನಿಂದ ಪ್ರತಿ ವ್ಯವಹಾರಕ್ಕೂ ದಿನಾಂಕ, ಟೋಕನ್, ರೂಪಾಯಿ ಬೆಲೆ, ಗ್ಯಾಸ್ ನಾಲ್ಕನ್ನೂ ಒಂದು ಹಾಳೆಯಲ್ಲಿ ಬರೆಯಲು ಶುರು ಮಾಡಿದೆ. ಈ ಇಡೀ ಕೆಲಸದಲ್ಲಿ ಪೈಸೆ ಖರ್ಚಿಲ್ಲದೆ ಹೆಚ್ಚು ಉಪಯೋಗಕ್ಕೆ ಬಂದದ್ದು ಈ ಹಾಳೆ.

ಆದರೆ ಆ ಹಾಳೆಯಲ್ಲಿ ಒಂದು ಕಾಲಂ ಬಿಟ್ಟಿದ್ದೆ: ಪರದೆ ತೋರಿಸಿದ ದರಕ್ಕೂ ಕೈಗೆ ಬಂದ ದರಕ್ಕೂ ಇರುವ ವ್ಯತ್ಯಾಸ. ಅದರ ಬೆಲೆ ಏಪ್ರಿಲ್‌ನಲ್ಲಿ ಗೊತ್ತಾಯಿತು.

ಫೆಬ್ರವರಿ: ಸ್ವಂತ ನೋಡ್

ವಾಲೆಟ್ ಚೈನ್ ಜೊತೆ ಮಾತಾಡುವುದು ಯಾರದೋ ಸರ್ವರ್ ಮೂಲಕ. ನಾನು ಬಳಸುತ್ತಿದ್ದ ಸರ್ವರ್ ಹುಬ್ಬಳ್ಳಿಯಿಂದ ಉತ್ತರ ಕೊಡಲು 250ರಿಂದ 300 ಮಿಲಿಸೆಕೆಂಡು ತಗೊಳ್ಳುತ್ತಿತ್ತು. ನನ್ನ ಪ್ರತಿ ವಿಚಾರಣೆಯೂ ಅವರಿಗೆ ಕಾಣುತ್ತಿತ್ತು. ಸ್ವಂತ ನೋಡ್ ಇದ್ದರೆ ವೇಗವೂ ಬರುತ್ತದೆ, ಭದ್ರತೆಯೂ ಬರುತ್ತದೆ ಅಂತ ಅಂದುಕೊಂಡೆ. ಮೊದಲನೆಯದು ಅರ್ಧ ಸರಿ. ಎರಡನೆಯದು ನನ್ನ ದೊಡ್ಡ ತಪ್ಪು.

ಸಾಮಾನು: ಕೊಪ್ಪಿಕರ್ ರಸ್ತೆಯ ಒಂದು ಅಂಗಡಿಯಿಂದ ಸೆಕೆಂಡ್ ಹ್ಯಾಂಡ್ ಮಿನಿ ಪಿಸಿ, 18,500. 16 ಜಿಬಿಯ ಎರಡು ರ‍್ಯಾಮ್ ಕಡ್ಡಿ, 5,600. 2 ಟಿಬಿ ಎನ್‌ವಿಎಂಇ ಎಸ್‌ಎಸ್‌ಡಿ, 9,400. ಸಾಫ್ಟ್‌ವೇರ್ ಪುಕ್ಕಟೆ: ಲಿನಕ್ಸ್, ಅದರ ಮೇಲೆ ಗೆತ್, ಜೊತೆಗೆ ಲೈಟ್‌ಹೌಸ್. 2022ರ ಸೆಪ್ಟೆಂಬರ್ 15ರ ವಿಲೀನ ಎಂಬ ದೊಡ್ಡ ಬದಲಾವಣೆಯ ನಂತರ ಇಥೀರಿಯಂ ನೋಡ್‌ಗೆ ಇಂಥ ಎರಡು ಪ್ರೋಗ್ರಾಂ ಬೇಕೇ ಬೇಕು. ಒಂದು ವ್ಯವಹಾರ ನಡೆಸುತ್ತದೆ, ಇನ್ನೊಂದು ಸರಪಳಿಯ ಒಮ್ಮತ ನೋಡಿಕೊಳ್ಳುತ್ತದೆ. ಎರಡರ ನಡುವೆ 8551ನೇ ಪೋರ್ಟ್, ಒಂದು ಗುಟ್ಟಿನ ಕಡತ.

ಸಿಂಕ್ (ಚೈನ್ ಲೆಕ್ಕವನ್ನು ನನ್ನ ಡಿಸ್ಕ್ ಮೇಲೆ ಇಳಿಸಿಕೊಳ್ಳುವ ಕೆಲಸ) ಹಾಕಿ ಮಲಗಿದೆ. ಒಂದು ದಿನ ಆಯಿತು, ಮೂರು ದಿನ ಆಯಿತು, ಆರು ದಿನ ಆಯಿತು. ಮುಗಿಯುವ ಲಕ್ಷಣವೇ ಇಲ್ಲ. ಚೈನ್ 12 ಸೆಕೆಂಡಿಗೊಂದು ಬ್ಲಾಕ್ ಮುಂದೆ ಹೋಗುತ್ತದೆ, ನನ್ನ ಡಿಸ್ಕ್ ಅದರ ಹಿಂದೆ ಏದುಸಿರು ಬಿಡುತ್ತಿದೆ. ಇಂಟರ್‌ನೆಟ್ ಮೇಲೆ ಅನುಮಾನ ಪಟ್ಟು ಎರಡು ದಿನ ರೂಟರ್, ಕೇಬಲ್ ಎಲ್ಲ ಬದಲಿಸಿದೆ. ಅದು ಪೂರಾ ವ್ಯರ್ಥ. ಕೊನೆಗೆ ಫಿಯೋ ಎಂಬ ಪ್ರೋಗ್ರಾಂ ಹಾಕಿ ಡಿಸ್ಕ್ ಅಳೆದೆ. ಮೊದಲ 90 ಜಿಬಿ ಚೆನ್ನಾಗಿ ಬರೆಯಿತು. ಆಮೇಲೆ ಸೆಕೆಂಡಿಗೆ 80 ಎಂಬಿಗೆ ಕುಸಿಯಿತು.

ಕಾರಣ ಸಿಕ್ಕಿತು. ನಾನು ತಂದದ್ದು ಕ್ಯೂಎಲ್‌ಸಿ ಎಂಬ ಅಗ್ಗದ, ಬರೆಯಲು ನಿಧಾನವಾದ ಥರದ ಡಿಸ್ಕ್, ಅದರೊಳಗೆ ಡಿರ‍್ಯಾಮ್ ಚಿಪ್ ಇಲ್ಲ. ಸಿನಿಮಾ ತುಂಬಿಡಲು ಅದು ಸಾಕು. ನೋಡ್ ಮಾಡುವುದು ಚೂರು ಚೂರು ಡೇಟಾವನ್ನು ಎಲ್ಲೆಂದರಲ್ಲಿ ಬರೆಯುವ, ಓದುವ ಕೆಲಸ. ಅದಕ್ಕೆ ಇನ್ನೂ ವೇಗದ ಟಿಎಲ್‌ಸಿ ಥರದ್ದು ಇರಬೇಕು, ಡಿರ‍್ಯಾಮ್ ಇರಬೇಕು. ಡಬ್ಬಿ ಮೇಲಿನ ವೇಗ ನೋಡಿ ಕೊಂಡದ್ದು ನನ್ನದೇ ತಪ್ಪು. ಹೊಸ ಡಿಸ್ಕ್‌ಗೆ 15,800 ಕೊಟ್ಟೆ. ರಾತ್ರಿ ಎಂಟಕ್ಕೆ ಹಾಕಿದ ಸಿಂಕ್ ಮರುದಿನ ಮಧ್ಯಾಹ್ನದ ಊಟದ ಹೊತ್ತಿಗೆ ಮುಗಿದಿತ್ತು. ಜಾಗ 1.3 ಟಿಬಿ ದಾಟಿತು.

ಈಗ ಉತ್ತರ 3 ಮಿಲಿಸೆಕೆಂಡಿನಲ್ಲಿ ಬರುತ್ತದೆ. ತುಂಬಾ ಖುಷಿಯಾಯಿತು. ಆದರೆ ವ್ಯವಹಾರ ಬ್ಲಾಕ್‌ಗೆ ಸೇರಲು ಮೊದಲಿನ ಹಾಗೇ 12 ಸೆಕೆಂಡು ಕಾಯಬೇಕು. ವೇಗವಾಗಿದ್ದು ನನ್ನ ಪರದೆ, ವ್ಯಾಪಾರ ಅಲ್ಲ. ಇದನ್ನು ಕಟ್ಟುವ ಮುಂಚೆ ಯಾರಾದರೂ ಹೇಳಿದ್ದರೆ ಚೆನ್ನಾಗಿತ್ತು.

ಒಂದು ಎಚ್ಚರಿಕೆ: 8545ನೇ ಪೋರ್ಟ್ ವಾಲೆಟ್ ಮಾತಾಡುವ ಬಾಗಿಲು. ಅದನ್ನು ಮನೆಯ ನೆಟ್‌ವರ್ಕ್‌ಗೆ ಮಾತ್ರ ತೆರೆಯಿರಿ, ಹೊರಗಿನ ಇಂಟರ್‌ನೆಟ್‌ಗೆ ಎಂದೂ ಬೇಡ.

ಮಾರ್ಚ್: ಕರೆಂಟ್

ಮಾರ್ಚ್ ಎರಡನೇ ವಾರ ಸಂಜೆ ಕರೆಂಟ್ ಹೋಯಿತು. ಮನೆಯಲ್ಲಿ ಇನ್ವರ್ಟರ್ ಇದೆ, 150 ಎಎಚ್ ಬ್ಯಾಟರಿ ಇದೆ. ಫ್ಯಾನು ತಿರುಗುತ್ತಲೇ ಇತ್ತು. ನೋಡ್ ಮಾತ್ರ ಆರಿ ಮತ್ತೆ ಹೊತ್ತಿಕೊಂಡಿತು. ಗೆತ್ ಲಾಗ್ ತೆರೆದರೆ, ಹಿಂದಿನ ಸಲ ಸರಿಯಾಗಿ ಮುಚ್ಚಿಲ್ಲ ಎಂಬ ದೂರು. ಹಿಂದಕ್ಕೆ ಸರಿದು ಮತ್ತೆ ಚೈನ್ ಹಿಡಿಯಲು ಮುಕ್ಕಾಲು ಗಂಟೆ ತಗೊಂಡಿತು. ಆ ವಾರ ಹೀಗೇ ನಾಲ್ಕು ಸಲ ಆಯಿತು.

ಬೇರೆ ಯುಪಿಎಸ್ ಕೊಳ್ಳಲು ಹೊರಟಿದ್ದೆ. ನಮ್ಮ ಇನ್ವರ್ಟರ್ ಮೆಕ್ಯಾನಿಕ್ ತಡೆದರು. "ಸರ್, ಹಿಂದ್ ಒಂದು ಸ್ವಿಚ್ ಐತಿ ನೋಡ್ರಿ, ಅದನ್ನ ಯುಪಿಎಸ್ ಮೋಡಿಗೆ ಹಾಕ್ರಿ" ಅಂದರು. ನೋಡಿದರೆ ಹೌದು, ಸಣ್ಣ ಸ್ವಿಚ್. ಸಾಮಾನ್ಯ ಮೋಡ್‌ನಲ್ಲಿ ಲೈನ್‌ನಿಂದ ಬ್ಯಾಟರಿಗೆ ಬದಲಾಗಲು ಹೆಚ್ಚು ಹೊತ್ತು ಬೇಕು. ಫ್ಯಾನಿಗೆ ಅದು ತಿಳಿಯುವುದೇ ಇಲ್ಲ, ಕಂಪ್ಯೂಟರ್ ತಡೆಯುವುದಿಲ್ಲ. ಸ್ವಿಚ್ ಒತ್ತಿದ ಮೇಲೆ ಇವತ್ತಿನವರೆಗೆ ಒಂದು ಸಲವೂ ಆರಿಲ್ಲ. ಖರ್ಚು ಸೊನ್ನೆ. ಫೈಬರ್ ಡಬ್ಬಿಗೂ ರೂಟರ್‌ಗೂ ಒಂದು 12 ವೋಲ್ಟ್ ಪುಟ್ಟ ಯುಪಿಎಸ್ ಹಾಕಿದೆ, 1,450.

ಏಪ್ರಿಲ್ ಬಿಸಿಲಿಗೆ ಡಿಸ್ಕ್ 74 ಡಿಗ್ರಿ ಮುಟ್ಟಿತು. 350 ರೂಪಾಯಿಯ ಅಲ್ಯುಮಿನಿಯಂ ಹೀಟ್‌ಸಿಂಕ್ ಅಂಟಿಸಿ, ಪೆಟ್ಟಿಗೆಯನ್ನು ಅಟ್ಟದಿಂದ ಕೆಳಗೆ ಇಳಿಸಿದೆ. 61ಕ್ಕೆ ಬಂತು.

ಏಪ್ರಿಲ್: 1,880 ರೂಪಾಯಿ ಹೋದ ದಿನ

ಏಪ್ರಿಲ್‌ನಲ್ಲಿ ಗ್ಯಾಸ್ ಬಹಳ ಇಳಿದಿತ್ತು, 1 ಗ್ವೇ ಆಸುಪಾಸು. ಈಥರ್ ಕೂಡ ಇಳಿದು 1.5 ಲಕ್ಷದ ಹತ್ತಿರ ಇತ್ತು. ಜನವರಿಯಲ್ಲಿ 675 ತಿಂದ ಅದಲುಬದಲಿಗೆ ಈಗ 22 ರೂಪಾಯಿ. ಇದೇ ಸರಿಯಾದ ಸಮಯ ಅಂತ 40,000 ರೂಪಾಯಿಯ ವ್ಯವಹಾರ ಒಂದೇ ಸಲಕ್ಕೆ ಹಾಕಿದೆ. ಅದೊಂದು ಚಿಕ್ಕ ಪೂಲ್. ಎರಡು ಸಲ ವಿಫಲವಾಗಿತ್ತು ಅಂತ ಸ್ಲಿಪೇಜ್ ಮಿತಿಯನ್ನು ಶೇ 5ಕ್ಕೆ ಏರಿಸಿದೆ. ಅಂದರೆ ತೋರಿಸಿದ ದರಕ್ಕಿಂತ ನೂರಕ್ಕೆ ಐದರವರೆಗೆ ಕಡಿಮೆ ಬಂದರೂ ಒಪ್ಪಿಗೆ ಅಂತ ಸಹಿ ಹಾಕಿ ಕೊಟ್ಟ ಹಾಗೆ. ನನ್ನದೇ ನೋಡ್ ಮೂಲಕ ಕಳಿಸಿದೆ.

ಕೈಗೆ ಬಂದದ್ದು ಶೇ 4.7 ಕಡಿಮೆ. 1,880 ರೂಪಾಯಿ.

ಬ್ಲಾಕ್ ತೆರೆದು ನೋಡಿದೆ. ನನ್ನ ವ್ಯವಹಾರದ ತಕ್ಷಣ ಮೇಲೆ ಒಂದು ವಿಳಾಸ ಅದೇ ಟೋಕನ್ ಕೊಂಡಿದೆ. ತಕ್ಷಣ ಕೆಳಗೆ ಅದೇ ವಿಳಾಸ ಮಾರಿದೆ. ನಡುವೆ ನಾನು. ಇದಕ್ಕೆ ಸ್ಯಾಂಡ್‌ವಿಚ್ ದಾಳಿ ಅನ್ನುತ್ತಾರೆ. ಅವನು ಮೊದಲು ಕೊಂಡು ದರ ಏರಿಸುತ್ತಾನೆ, ಏರಿದ ದರಕ್ಕೆ ನಾನು ಕೊಳ್ಳುತ್ತೇನೆ, ನನ್ನ ಖರೀದಿಯಿಂದ ಇನ್ನೂ ಏರಿದಾಗ ಅವನು ಮಾರುತ್ತಾನೆ. ನಾನು ಕೊಟ್ಟ ಶೇ 5ರ ಸಲಿಗೆಯನ್ನು ಹೆಚ್ಚು ಕಡಿಮೆ ಪೂರ್ತಿ ಬಳಸಿಕೊಂಡಿದ್ದ.

ನನ್ನ ತಪ್ಪು ತಿಳುವಳಿಕೆ ಇಲ್ಲಿತ್ತು. ಸ್ವಂತ ನೋಡ್ ನನ್ನ ವ್ಯವಹಾರವನ್ನು ಬಚ್ಚಿಡುವುದಿಲ್ಲ. ಅದರ ಕೆಲಸವೇ ಜಗತ್ತಿನ ಬೇರೆ ನೋಡ್‌ಗಳಿಗೆಲ್ಲ ಸಾರಿ ಹೇಳುವುದು. ಬ್ಲಾಕ್‌ಗೆ ಸೇರುವ ಮುಂಚೆ ಹೀಗೆ ಸಾರಿದ ವ್ಯವಹಾರಗಳು ಮೆಂಪೂಲ್ ಎಂಬ ಬಯಲಿನಲ್ಲಿ ಕಾಯುತ್ತವೆ. ಅಲ್ಲಿ ಯಾರು ಬೇಕಾದರೂ ನೋಡಬಹುದು. ಇನ್ನೊಂದು ಮಾತು ಆಮೇಲೆ ಹೊಳೆಯಿತು. ಗ್ಯಾಸ್ ಅಗ್ಗವಾದದ್ದು ನನಗಷ್ಟೇ ಅಲ್ಲ, ದಾಳಿ ಮಾಡಿದ ಆ ಬಾಟ್ ಎಂಬ ಪ್ರೋಗ್ರಾಂಗೂ ಅಗ್ಗವೇ. ಜನವರಿಯಲ್ಲಿ ನನ್ನ 12,000ದ ವ್ಯವಹಾರವನ್ನು ಹಿಡಿಯಲು ಅವನಿಗೆ ಎರಡು ವ್ಯವಹಾರದ ಗ್ಯಾಸ್ 1,300ಕ್ಕೂ ಜಾಸ್ತಿ ಬೀಳುತ್ತಿತ್ತು, ಗಿಟ್ಟುತ್ತಿರಲಿಲ್ಲ. ಏಪ್ರಿಲ್‌ನಲ್ಲಿ ನಲವತ್ತು ಐವತ್ತು ರೂಪಾಯಿ ಹಾಕಿ 1,880 ಎತ್ತಿಕೊಂಡ. ಮೂರು ತಿಂಗಳು ನಾನು ಗ್ಯಾಸ್ ಮೇಲೆ ಕಣ್ಣಿಟ್ಟು ಕೂತಿದ್ದೆ. ಸೋರುತ್ತಿದ್ದ ಜಾಗ ಬೇರೆ ಇತ್ತು.

ಆ ಭಾನುವಾರ ಹಾವೇರಿಯಿಂದ ಕಾಕಾ ಬಂದಿದ್ದರು. ದನದ ವ್ಯಾಪಾರದಲ್ಲಿ ಮೂವತ್ತು ವರ್ಷ ಕಳೆದವರು. ಮುಖ ನೋಡಿ ಏನಾಯಿತು ಅಂತ ಕೇಳಿದರು. ಆದಷ್ಟು ಸರಳ ಮಾಡಿ ಹೇಳಿದೆ. ಚಹಾ ಮುಗಿಸಿ ಅಂದರು:

"ಸಂತ್ಯಾಗ ಕೈಮ್ಯಾಲ ಟವೆಲ್ ಯಾಕ್ ಹಾಕ್ತೇವಿ ಗೊತ್ತೈತೇನೋ ತಮ್ಮಾ? ಬೆರಳ ಹಿಡದು ರೇಟ್ ಮಾಡೂದು ಬಾಜೂ ನಿಂತಾವಂಗ ತಿಳೀಬಾರದು ಅಂತ. ನೀ ಟವೆಲ್ ಇಲ್ಲದ ವ್ಯಾಪಾರ ಮಾಡಿ ನೋಡು."

ಪೂರಾ ಸರಿ. ನನಗೆ ಬೇಕಿದ್ದದ್ದು ಆ ಟವೆಲ್. ಅದು ಇದೆ, ಅದಕ್ಕೆ ಖಾಸಗಿ ಆರ್‌ಪಿಸಿ ಅನ್ನುತ್ತಾರೆ. ವ್ಯವಹಾರ ಬಯಲಿಗೆ ಬೀಳದೆ ನೇರ ಬ್ಲಾಕ್ ಕಟ್ಟುವವರಿಗೆ ಹೋಗುತ್ತದೆ. ನಾನು ಆರಿಸಿದ್ದು ಫ್ಲ್ಯಾಶ್‌ಬಾಟ್ಸ್ ಪ್ರೊಟೆಕ್ಟ್. ವಾಲೆಟ್ ಸೆಟ್ಟಿಂಗ್‌ನಲ್ಲಿ ಒಂದು ವಿಳಾಸ ಬದಲಿಸಿದರೆ ಮುಗಿಯಿತು. ವಿಫಲವಾಗುವ ವ್ಯವಹಾರವನ್ನು ಬ್ಲಾಕ್‌ಗೆ ಸೇರಿಸುವುದೇ ಇಲ್ಲ, ಹಾಗಾಗಿ ವಿಫಲವಾದರೂ ಗ್ಯಾಸ್ ಹೋಗುವುದಿಲ್ಲ. ಟವೆಲ್ ಕೆಳಗೆ ಕೈ ಕೊಟ್ಟವರ ಮೇಲೆ ನಂಬಿಕೆ ಬೇಕು ಎಂಬುದು ನಿಜ. ಆದರೂ ಬಯಲಿಗಿಂತ ಮೇಲು.

ಇಲ್ಲೂ ಒಂದು ಸಲ ಸಿಕ್ಕಿಕೊಂಡೆ. ಮೊದಲ ವ್ಯವಹಾರಕ್ಕೆ ಟಿಪ್ (ಬ್ಲಾಕ್ ಕಟ್ಟುವವರಿಗೆ ಕೊಡುವ ಮೇಲುಶುಲ್ಕ) ತೀರಾ ಕಡಿಮೆ ಇಟ್ಟಿದ್ದೆ. ಬ್ಲಾಕ್ ಮೇಲೆ ಬ್ಲಾಕ್ ಹೋದರೂ ನನ್ನದು ಸೇರಲಿಲ್ಲ. ಖಾಸಗಿ ದಾರಿ ಆದ್ದರಿಂದ ಎಲ್ಲೂ ಕಾಣಿಸುತ್ತಲೂ ಇಲ್ಲ. ಗಾಬರಿಯಾಗಿ ಇನ್ನೊಂದು ಹೊಸ ವ್ಯವಹಾರ ಕಳಿಸಲು ಹೊರಟಿದ್ದೆ. ಹಾಗೆ ಮಾಡಿದ್ದರೆ ಎರಡೂ ಆಗುವ ಅಪಾಯ ಇತ್ತು. ಸರಿಯಾದ ದಾರಿ ಅಂದರೆ ಅದೇ ನಾನ್ಸ್ ಸಂಖ್ಯೆ (ನಮ್ಮ ವ್ಯವಹಾರದ ಕ್ರಮಸಂಖ್ಯೆ) ಇಟ್ಟು, ಟಿಪ್ ಏರಿಸಿ ಮತ್ತೆ ಕಳಿಸುವುದು. ಒಂದು ನಾನ್ಸ್‌ಗೆ ಒಂದೇ ವ್ಯವಹಾರ ಸೇರುತ್ತದೆ. ಎರಡನೇ ಬ್ಲಾಕ್‌ನಲ್ಲೇ ಆಯಿತು.

ಸ್ಲಿಪೇಜ್ ಈಗ ದೊಡ್ಡ ಪೂಲ್‌ಗೆ ಶೇ 0.3, ಚಿಕ್ಕದಕ್ಕೆ ಶೇ 1. ಅಷ್ಟರಲ್ಲಿ ಆಗದಿದ್ದರೆ ಮೊತ್ತವನ್ನು ತುಂಡು ಮಾಡುತ್ತೇನೆ, ಮಿತಿ ಏರಿಸುವುದಿಲ್ಲ.

ಮೇ: ಅಗ್ಗದ ರಸ್ತೆ, ಏಳು ದಿನದ ಗೇಟು

ಮೇ 7ರ ಮಧ್ಯಾಹ್ನ ಇಥೀರಿಯಂನ ಪೆಕ್ಟ್ರಾ ಅಪ್‌ಗ್ರೇಡ್ ಇತ್ತು. ಗೆತ್ ಹೊಸದು ಹಾಕಿದ್ದೆ, ಲೈಟ್‌ಹೌಸ್ ಮರೆತಿದ್ದೆ. ನೋಡ್ ಚೈನ್ ಕಳಕೊಂಡು ನಿಂತಿತು. ಅರ್ಧ ದಿನ ಹೋಯಿತು. ಜೋಡಿ ಪ್ರೋಗ್ರಾಂ ಅಂದ ಮೇಲೆ ಎರಡನ್ನೂ ಒಟ್ಟಿಗೆ ಏರಿಸಬೇಕು.

ಆ ತಿಂಗಳ ಅಸಲಿ ಕೆಲಸ ಎರಡನೇ ಪದರಕ್ಕೆ ಹೋಗುವುದಾಗಿತ್ತು. ಆರ್ಬಿಟ್ರಂ, ಬೇಸ್ ಇಂಥವು ವ್ಯವಹಾರಗಳನ್ನು ತಾವೇ ನಡೆಸಿ, ಕಟ್ಟು ಕಟ್ಟಿ ಇಥೀರಿಯಂಗೆ ಒಪ್ಪಿಸುತ್ತವೆ. 2024ರ ಮಾರ್ಚ್ 13ರ ಡೆಂಕುನ್ ಅಪ್‌ಗ್ರೇಡ್ ಆ ಕಟ್ಟುಗಳಿಗೆ ಬ್ಲಾಬ್ ಎಂಬ ಅಗ್ಗದ ಜಾಗ ಕೊಟ್ಟಿತು. ಆಮೇಲೆ ಇಲ್ಲಿ ಖರ್ಚು ಹೇಳಿಕೊಳ್ಳುವಷ್ಟೂ ಉಳಿಯಲಿಲ್ಲ. ಆರ್ಬಿಟ್ರಂ ಮೇಲೆ ನಾನು ಮಾಡಿದ ಹನ್ನೊಂದು ಅದಲುಬದಲಿನಲ್ಲಿ ಒಂದಕ್ಕೂ ಗ್ಯಾಸ್ 2 ರೂಪಾಯಿ ದಾಟಲಿಲ್ಲ. ಒತ್ತಿದ ಸುಮಾರು ಒಂದು ಸೆಕೆಂಡಿಗೆ ಪರದೆಯಲ್ಲಿ ಆಯಿತು ಅಂತ ಬಂತು. ವೇಗ, ಅಗ್ಗ ಎರಡೂ ಸಿಕ್ಕಿದ್ದು ಇಲ್ಲಿ, 50,000 ಸುರಿದ ನೋಡ್‌ನಿಂದ ಅಲ್ಲ.

ಎರಡು ತಪ್ಪು ಮಾಡಿದೆ. ಒಂದು, ಹೊರಗೆ ಬರುವ ದಾರಿ ನೋಡದೆ ಒಳಗೆ ಹೋದದ್ದು. ಮೇ 19ಕ್ಕೆ 30,000 ರೂಪಾಯಿಯಷ್ಟನ್ನು ಮುಖ್ಯ ಚೈನ್‌ಗೆ ವಾಪಸ್ ಕಳಿಸಿದೆ. ಅಧಿಕೃತ ಸೇತುವೆಯಲ್ಲಿ ಸುಮಾರು ಏಳು ದಿನ ಕಾಯಬೇಕು. ಮೋಸ ನಡೆದಿದ್ದರೆ ಯಾರಾದರೂ ತಕರಾರು ಎತ್ತಲಿ ಅಂತ ಇಟ್ಟ ಗಡುವು ಅದು. ಏಳು ದಿನ ಕಾದೆ. ಹಣ ತಾನೇ ಬರುತ್ತದೆ ಅಂದುಕೊಂಡು ಇನ್ನೆರಡು ದಿನ ಕಾದೆ. ಬರಲಿಲ್ಲ. ಮುಖ್ಯ ಚೈನ್ ಮೇಲೆ ಹೋಗಿ, ಗ್ಯಾಸ್ ಕೊಟ್ಟು, ನಾವೇ ಬಿಡಿಸಿಕೊಳ್ಳಬೇಕಂತೆ. ಬೇಗ ಬೇಕಾದರೆ ಸ್ವಲ್ಪ ಶುಲ್ಕಕ್ಕೆ ನಿಮಿಷಗಳಲ್ಲಿ ದಾಟಿಸುವ ಬೇರೆ ಸೇತುವೆಗಳಿವೆ. ಆದರೆ ಅಲ್ಲಿ ಅವರ ಕಾಂಟ್ರಾಕ್ಟ್ ನಂಬಬೇಕು. ನಾನು ಈಗಲೂ ದೊಡ್ಡ ಮೊತ್ತಕ್ಕೆ ಏಳು ದಿನದ್ದನ್ನೇ ಬಳಸುತ್ತೇನೆ.

ಎರಡನೆಯದು, ಹೆಸರು ನೋಡಿ ಟೋಕನ್ ಆರಿಸಿದ್ದು. ಆರ್ಬಿಟ್ರಂ ಮೇಲೆ ಯುಎಸ್‌ಡಿಸಿ (ಡಾಲರ್ ಬೆಲೆಗೆ ಕಟ್ಟಿದ ಟೋಕನ್) ಎರಡು ಥರ ಇದೆ, ಅಲ್ಲೇ ಹೊರಡಿಸಿದ್ದು ಒಂದು, ಸೇತುವೆ ದಾಟಿ ಬಂದದ್ದು ಒಂದು. ಎರಡನೆಯದರ ಹೆಸರಿನ ಕೊನೆಗೆ ಚುಕ್ಕೆ ಇ ಇರುತ್ತದೆ. ನಾನು ಬೇಡದ್ದನ್ನು ಕೊಂಡು, ಮತ್ತೆ ಬದಲಿಸಿದೆ. ಎರಡು ರೂಪಾಯಿಯ ನಷ್ಟ ಅಷ್ಟೇ. ಆದರೆ ಅದೇ ಜಾಗದಲ್ಲಿ ಪೂರಾ ನಕಲಿ ಟೋಕನ್ ಇದ್ದಿದ್ದರೆ? ಅಂದಿನಿಂದ ಕಾಂಟ್ರಾಕ್ಟ್ ವಿಳಾಸವನ್ನು ಅಧಿಕೃತ ಪಟ್ಟಿಯಿಂದ ತಗೊಂಡು, ಮೊದಲ ಆರು ಕೊನೆಯ ಆರು ಅಕ್ಷರ ಅಲ್ಲ, ಇಡೀ ವಿಳಾಸವನ್ನು ಹೋಲಿಸುತ್ತೇನೆ.

ಇದಕ್ಕೂ ಒಂದು ಕೊರತೆ ಇದೆ. ಈ ಪದರಗಳಲ್ಲಿ ವ್ಯವಹಾರಗಳನ್ನು ಸಾಲಿನಲ್ಲಿ ನಿಲ್ಲಿಸುವ ಸೀಕ್ವೆನ್ಸರ್ ಒಬ್ಬರ ಕೈಯಲ್ಲೇ ಇದೆ. ಬಯಲು ಮೆಂಪೂಲ್ ಇಲ್ಲ, ಹಾಗಾಗಿ ನನಗಾದಂಥ ಸ್ಯಾಂಡ್‌ವಿಚ್ ಕಷ್ಟ. ಆದರೆ ಆ ಒಬ್ಬರು ನಿಂತರೆ ಎಲ್ಲ ನಿಧಾನ. ಅದಕ್ಕೇ ಉಳಿತಾಯದ ಭಾಗ ಮುಖ್ಯ ಚೈನ್‌ನಲ್ಲಿ, ಓಡಾಟದ ಭಾಗ ಮಾತ್ರ ಇಲ್ಲಿ.

ಜೂನ್: ಬೀಗ, ಸ್ಟೀಲ್ ತಗಡು

ಹಳೆ ವಾಲೆಟ್‌ನ ಅಪ್ರೂವಲ್ ಪಟ್ಟಿ ತೆಗೆದೆ. ಹದಿನೇಳು ಇದ್ದವು, ಹದಿನಾಲ್ಕು ಮಿತಿ ಇಲ್ಲದವು. ಅಂದರೆ ಆ ಕಾಂಟ್ರಾಕ್ಟ್‌ಗಳಲ್ಲಿ ಯಾವುದಾದರೂ ಒಂದು ಕೆಟ್ಟರೆ ಆ ಟೋಕನ್ ಪೂರಾ ಎಳಕೊಂಡು ಹೋಗಬಹುದು. ಕೆಲವನ್ನು ಕೊಟ್ಟದ್ದೇ ನನಗೆ ನೆನಪಿರಲಿಲ್ಲ. ಒಂದೊಂದಾಗಿ ರದ್ದು ಮಾಡಿದೆ. ಈಗ ಎಷ್ಟು ಬೇಕೋ ಅಷ್ಟಕ್ಕೇ ಅನುಮತಿ.

ಹಾರ್ಡ್‌ವೇರ್ ವಾಲೆಟ್, ಅಂದರೆ ಗುಟ್ಟಿನ ಕೀಲಿಯನ್ನು ತನ್ನೊಳಗೇ ಇಟ್ಟು ಸಹಿ ಹಾಕುವ ಪುಟ್ಟ ಸಾಧನ, 7,900. ವಾಲೆಟ್ ಹೋದರೆ ಮತ್ತೆ ಹುಟ್ಟಿಸಿಕೊಳ್ಳಲು ಅದು ಕೊಡುವ 24 ಪದಗಳನ್ನು ಕಾಗದದ ಮೇಲೆ ಇಟ್ಟರೆ ಗೆದ್ದಲು, ನೀರು, ಬೆಂಕಿ. ಸ್ಟೀಲ್ ಮೇಲೆ ಒತ್ತೋಣ ಅನ್ನಿಸಿತು. ನೇಮ್‌ಪ್ಲೇಟ್ ಕೆತ್ತುವ ಅಂಗಡಿಗೆ ಒಯ್ಯುವ ಯೋಚನೆ ಬಂದು, ಮೆಟ್ಟಿಲು ಇಳಿಯುವಾಗಲೇ ನಿಂತೆ. ಆ ಪದಗಳನ್ನು ನೋಡಿದವರೇ ಹಣದ ಒಡೆಯರು. ಕೈಯಾರೆ ಮಾಡಬೇಕು.

ಗೋಕುಲ ರಸ್ತೆಯ ಫ್ಯಾಬ್ರಿಕೇಶನ್ ಶೆಡ್‌ನಲ್ಲಿ 2 ಮಿಮೀ ಸ್ಟೇನ್‌ಲೆಸ್ ತಗಡಿನ ಮೂರು ತುಂಡು, ತಲಾ 150. ಅಕ್ಷರದ ಪಂಚ್ ಸೆಟ್ 480. ಮನೆಯ ಕಲ್ಲಿನ ಮೇಲೆ ಇಟ್ಟು ಹೊಡೆದೆ. ತಗಡು ಜಿಗಿಯಿತು, ಅಕ್ಷರ ಎರಡೆರಡಾಗಿ ಮೂಡಿತು. ಹತ್ತನೇ ಪದಕ್ಕೆ ಪಂಚ್‌ನ ಮೂತಿಯೇ ಚಪ್ಪಟೆ. ಮೇಲಾಗಿ ಇಂಗ್ಲಿಷಿನ ಎಂ ಅಕ್ಷರವನ್ನು ತಲೆಕೆಳಗು ಹಿಡಿದಿದ್ದೆ, ಅದು ಡಬ್ಲ್ಯು ಥರ ಕಾಣುತ್ತಿತ್ತು. ಆ ತಗಡು ಕೆಟ್ಟಿತು. ಅರ್ಧ ಬರೆದ ತಗಡನ್ನು ಗುಜರಿಗೆ ಹಾಕದೆ ಗ್ರೈಂಡರ್‌ನಿಂದ ಉಜ್ಜಿ ಅಳಿಸಿದೆ.

ಶೆಡ್‌ನವರೇ ಗಟ್ಟಿ ಸ್ಟೀಲಿನ ಪಂಚ್ ಹೇಳಿದರು, 1,100. ಅಡಿಗೆ ಇಡಲು ರೈಲು ಹಳಿಯ ಒಂದು ಗೇಣು ತುಂಡು ಎರವಲು ಕೊಟ್ಟರು. ಹಳಿ ಮೇಲೆ ತಗಡು, ಪಂಚ್ ನೇರ, ಒಂದೇ ಗಟ್ಟಿ ಏಟು. ಪ್ರತಿ ಪದದ ಮೊದಲ ನಾಲ್ಕು ಅಕ್ಷರ ಸಾಕು. ಪಟ್ಟಿಯಲ್ಲಿ 2,048 ಪದಗಳಿವೆ, ಮೊದಲ ನಾಲ್ಕು ಅಕ್ಷರ ಒಂದರಂತೆ ಇನ್ನೊಂದು ಇಲ್ಲ. ಎರಡು ತಗಡಿಗೆ ಒಂದು ಭಾನುವಾರ.

ಹಣ ಹಾಕುವ ಮುಂಚೆ ವಾಲೆಟ್ ಪೂರಾ ಅಳಿಸಿ, ತಗಡು ಓದಿಕೊಂಡೇ ಮತ್ತೆ ಹುಟ್ಟಿಸಿದೆ. ಅದೇ ವಿಳಾಸ ಬಂತು. ಈ ಪರೀಕ್ಷೆ ಮಾಡದೆ ದಯವಿಟ್ಟು ಒಂದು ರೂಪಾಯಿಯನ್ನೂ ಹಾಕಬೇಡಿ.

ಹಾರ್ಡ್‌ವೇರ್ ವಾಲೆಟ್ ಇದ್ದರೂ ಕಣ್ಣು ಮುಚ್ಚಿ ಸಹಿ ಹಾಕಿದರೆ ಉಪಯೋಗ ಇಲ್ಲ. 2025ರ ಫೆಬ್ರವರಿ 21ರಂದು ಬೈಬಿಟ್ ವಿನಿಮಯ ಕೇಂದ್ರದಿಂದ ಸುಮಾರು 150 ಕೋಟಿ ಡಾಲರ್ ಕದ್ದದ್ದು ಹೀಗೇ. ಸಹಿ ಹಾಕಿದವರ ಪರದೆಯಲ್ಲಿ ಕಂಡದ್ದು ಒಂದು, ಸಹಿ ಬಿದ್ದದ್ದು ಇನ್ನೊಂದಕ್ಕೆ. ಹಾಗಾಗಿ ಒಂದು ಚಿಕ್ಕ ಸ್ಕ್ರಿಪ್ಟ್ ಬರೆದೆ. ನನ್ನ ನೋಡ್‌ನಿಂದ ಚೈನ್‌ನ ಈ ಕ್ಷಣದ ಪ್ರತಿಯನ್ನು ಅನ್ವಿಲ್ ಎಂಬ ಪ್ರಯೋಗದ ಪ್ರೋಗ್ರಾಂನಲ್ಲಿ ತೆರೆಯುತ್ತದೆ. ವ್ಯವಹಾರವನ್ನು ಅಲ್ಲಿ ಸುಳ್ಳೇ ನಡೆಸುತ್ತದೆ. ಯಾವ ಟೋಕನ್ ಎಷ್ಟು ಹೋಯಿತು, ಎಷ್ಟು ಬಂತು, ಯಾರಿಗೆ ಅನುಮತಿ ಸಿಕ್ಕಿತು, ಮೂರು ಸಾಲಿನಲ್ಲಿ ತೋರಿಸುತ್ತದೆ. ಸರಿ ಇದ್ದರೆ ಮಾತ್ರ ಸಹಿ, ಆಮೇಲೆ ಖಾಸಗಿ ದಾರಿಯಲ್ಲಿ ರವಾನೆ. ಫೆಬ್ರವರಿಯಲ್ಲಿ ಕಟ್ಟಿದ ನೋಡ್‌ಗೆ ಕೊನೆಗೂ ತಕ್ಕ ಕೆಲಸ ಸಿಕ್ಕಿದ್ದು ಇಲ್ಲಿ.

ಜುಲೈ: ಈಗಿನ ಸ್ಥಿತಿ

ಒಟ್ಟು ಖರ್ಚು 61,030. ಅದರಲ್ಲಿ ಮೊದಲ ಡಿಸ್ಕ್, ಮೊದಲ ಪಂಚ್ ಸೆಟ್, ಕೆಟ್ಟ ತಗಡು ಸೇರಿ 10,030 ಸುಮ್ನೆ ಹೋಯಿತು. ಮಿನಿ ಪಿಸಿ 22 ವ್ಯಾಟ್ ಎಳೆಯುತ್ತದೆ, ತಿಂಗಳಿಗೆ ಸುಮಾರು 16 ಯೂನಿಟ್.

ನನ್ನಷ್ಟೇ ಚಿಕ್ಕ ಮೊತ್ತದಲ್ಲಿ ಓಡಾಡುವವರು ಕೇಳಿದರೆ, ನೋಡ್ ಬಿಡಿ ಅನ್ನುತ್ತೇನೆ. ಎರಡನೇ ಪದರ, ಖಾಸಗಿ ದಾರಿ, ಬಿಗಿ ಸ್ಲಿಪೇಜ್, ಹಾರ್ಡ್‌ವೇರ್ ವಾಲೆಟ್, ಒಂದು ಸ್ಟೀಲ್ ತಗಡು. ಹತ್ತು ಸಾವಿರದೊಳಗೆ ಮುಗಿಯುತ್ತದೆ. ನೋಡ್ ಕಟ್ಟುವುದು ಕಲಿಯುವ ಹಂಬಲ ಇದ್ದವರಿಗೆ. ನನಗೆ ಅದು ಇತ್ತು, ಆ ಖರ್ಚಿನ ಬಗ್ಗೆ ಬೇಸರವಿಲ್ಲ.

ಬಾಕಿ ಉಳಿದದ್ದು ಎರಡು. ಡಿಸ್ಕ್ ಶೇ 78 ತುಂಬಿದೆ. ವಿಲೀನಕ್ಕೆ ಮುಂಚಿನ ಹಳೆ ಬ್ಲಾಕ್‌ಗಳನ್ನು ಕಳೆದು ಜಾಗ ಉಳಿಸುವ ಸೌಲಭ್ಯ ಈಗ ಬಂದಿದೆ. ಬರುವ ಶನಿವಾರ ನೋಡ್ ನಿಲ್ಲಿಸಿ ಅದನ್ನು ಮಾಡಬೇಕು. ಇನ್ನೊಂದು, ಎರಡನೇ ತಗಡು. ಅದನ್ನು ಬಟ್ಟೆಯಲ್ಲಿ ಸುತ್ತಿ, ಹೊಲಿದು, ಹಾವೇರಿಗೆ ಕಾಕಾನ ಟ್ರಂಕಿಗೆ ಸೇರಿಸಬೇಕು. ಫೋನ್ ಮಾಡಿ ಹೇಳಿದೆ. "ತಂದು ಇಡೋ, ಕೀಲಿ ನನ್ನ ಉಡದಾರದಾಗ ಇರತೈತಿ" ಅಂದರು.